ಸಾಂಬ್ರಾಣಿ ಹಾಕದ ಸಂಜೆ

“ಅಜ್ಜೀ, ಕಡ್ಡಿ ಗೀರ್ಬೇಡ!”

ಬಾಗಿಲಲ್ಲೇ ನಿಂತು ಮೊಮ್ಮಗಳು ಕೂಗಿದಾಗ ನನ್ನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಕಿಟಕಿಯ ಬಣ್ಣಕ್ಕೆ ತಂದಿದ್ದ ಥಿನ್ನರ್ ಡಬ್ಬಿ ನನ್ನ ಕಾಲು ತಾಗಿ ಆಗಷ್ಟೇ ಉರುಳಿತ್ತು. ನೆಲ ಎಷ್ಟು ಒರೆಸಿದರೂ ನಾತ ಹೋಗಲಿಲ್ಲ. ನಮ್ಮ ಮನೆಯಲ್ಲಿ ಕೆಟ್ಟ ವಾಸನೆಗೆ ಸಾಂಬ್ರಾಣಿ ಹೊಗೆಯೇ ಮದ್ದು. ದೀಪ ಹಚ್ಚುವ ಹೊತ್ತೂ ಆಗಿತ್ತು, ಎರಡೂ ಒಟ್ಟಿಗೇ ಆಗಲಿ ಅಂದುಕೊಂಡಿದ್ದೆ.

ಅವಳು ಮೊದಲು ನನ್ನನ್ನು ಕೈಹಿಡಿದು ಅಂಗಳಕ್ಕೆ ತಂದಳು. ಆಮೇಲೆ ಕಿಡಿ ಹಾರೀತೆಂದು ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಕಿಟಕಿಗಳನ್ನೆಲ್ಲ ತೆರೆದು, ಒರೆಸಿದ ಬಟ್ಟೆಯನ್ನು ಹೊರಗೆ ಹಾಕಿ, ಬಂದು ಪಕ್ಕ ಕೂತಳು.

“ಅದ್ರ ಆವಿ ಕಣ್ಣಿಗ್ ಕಾಣಲ್ಲ ಅಜ್ಜೀ. ನೆಲದ ಮೇಲೇ ಅರ್ಕೊಂಡು ಓಗಿ ಬೆಂಕೀನ ಉಡುಕ್ತದೆ. ಕಾಲೇಜಲ್ಲಿ ಇಂಥದ್ದೇ ಅಸಿಟೋನ್ ಅಂತ ಐತೆ. ಅದ್ರ ಬಾಟ್ಲಿ ತೆಗೆಯೋಕ್ ಮುಂಚೆ ಉರಿಯೆಲ್ಲ ಆರಿಸ್ತೀವಿ.”

“ಮುಸ್ಸಂಜೇಲಿ ದೀಪ ಇಲ್ದಿದ್ರೆ ಲಕ್ಷ್ಮಿ ಬರಲ್ವಲ್ಲೇ?”

“ಬಾಗ್ಲು ತೆಗ್ದೈತಲ್ಲ, ಬತ್ತಾಳೆ ಬಿಡು,” ಅಂತ ನಕ್ಕಳು.

ದೂರದಲ್ಲಿ ಚಿನ್ನದ ಗಣಿಯವರು ಸುರಿದುಹೋದ ಮಣ್ಣಿನ ಸೈನೈಡ್ ದಿಬ್ಬ ಬೆಳ್ಳಗಿದ್ದದ್ದು ನಿಧಾನವಾಗಿ ನೀಲಿಯಾಯಿತು. ಗಾಳಿ ಮನೆಯೊಳಗೆಲ್ಲ ಸುತ್ತಾಡಿ ನಾತವನ್ನು ಹೊತ್ತುಕೊಂಡು ಹೋಯಿತು. ನಾವಿಬ್ಬರೂ ಕನಸಿನಲ್ಲಿ ಕೂತಂತೆ ಕೂತೇ ಇದ್ದೆವು.

ನಾನು ಓದಿದವಳಲ್ಲ. ಆದರೆ ಲಕ್ಷ್ಮಿ ಹೇಗಿರುತ್ತಾಳೆ ಅಂತ ಯಾರಾದರೂ ಕೇಳಿದರೆ ಈಗ ಹೇಳಬಲ್ಲೆ. ಬಂಗಾರಪೇಟೆಯ ಕಾಲೇಜಿನಿಂದ ಬರುತ್ತಾಳೆ, ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಅಜ್ಜಿಯ ಕೈ ಹಿಡಿಯುತ್ತಾಳೆ.