ಭಾಮೈದನ ಸೀಲಿಂಗು

ನನ್ನ ಭಾಮೈದನ ಬಗ್ಗೆ ಯಾರಾದರೂ ಒಳ್ಳೆ ಮಾತಾಡಿದರೆ ನನಗೆ ಊಟ ಸೇರಲ್ಲ. ಮುಚ್ಚಿಟ್ಟು ಏನಾಗಬೇಕು? ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅವನು ನನ್ನ ಹೆಂಡತಿಯ ತಮ್ಮ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ನಾನು ಗಾರೆ ಮೇಸ್ತ್ರಿ. ಅವನಿಗೆ ಕರಣೆ ಹಿಡಿಯೋದು ಕಲಿಸಿದವನೂ ನಾನೇ.

ಬಂದ ಹೊಸದರಲ್ಲಿ ಅವನು ಎಸೆದ ಗಾರೆ ಅರ್ಧ ಗೋಡೆಗೆ, ಅರ್ಧ ಅವನ ಅಂಗಿಗೆ ಹೋಗ್ತಿತ್ತು. "ಲೋ, ಗೋಡೆಗೆ ಬಳೀತೀಯೋ, ನೀನೇ ಬಳ್ಕೊಳ್ತೀಯೋ?" ಅಂತ ರೇಗಿಸ್ತಿದ್ದೆ. ನಗ್ತಿದ್ದ. ಬೈದರೂ ನಗೋ ಜಾತಿ ಅದು, ಅದಕ್ಕೇ ನನಗೆ ಇನ್ನೂ ಉರಿ.

ಆಗ ಊರಿಗೆಲ್ಲ ಇದ್ದದ್ದು ಒಂದೇ ಬಟ್ಟೆ ಗಿರಣಿ. ಕಟ್ಟಡ ಅಂದರೆ ಗಿರಣಿ ಕೆಲಸದವರ ಮನೆಗಳು, ಅಷ್ಟೇ. ಗಿರಣಿ ಮುಚ್ಚಿದಾಗ ಊರು ಮುಳುಗಿತು ಅಂದ್ಕೊಂಡ್ವಿ. ಮುಳುಗಲಿಲ್ಲ. ಒಂದರ ಹಿಂದೆ ಒಂದು ಕಣ್ಣಾಸ್ಪತ್ರೆ, ಔಷಧಿ ಗೋದಾಮು, ಬ್ಯಾಂಕಿನ ಆಫೀಸು, ಫೋನಲ್ಲಿ ಮಾತಾಡೋದೇ ಕೆಲಸ ಅನ್ನೋ ಕಂಪನಿ, ಎಲ್ಲ ಬಂದವು. ಗಾರೆಯವರಿಗೆ ಇನ್ನು ಸುಗ್ಗಿ ಅಂತ ನಾನು ಹಿಗ್ಗಿದೆ. ಇವನು ಒಂದಿನ ಕರಣೆ ತೊಳೆದು ನನ್ನ ಕೈಗಿಟ್ಟು, "ಭಾವ, ಇನ್ಮೇಲೆ ಆಫೀಸುಗಳಲ್ಲಿ ಯಾರೂ ಸ್ಲಾಬು ನೋಡಲ್ಲ. ನಾನು ಫಾಲ್ಸ್ ಸೀಲಿಂಗ್ ಕೆಲಸ ಕಲೀತೀನಿ" ಅಂದ.

"ರಟ್ಟು ಅಂಟಿಸೋ ಕೆಲಸಕ್ಕೂ ಕಲಿಕೆ ಬೇರೆ ಬೇಕಾ?" ಅಂತ ನಕ್ಕೆ.

ಆರೇ ವರ್ಷ. ಅವನ ಕೈಕೆಳಗೆ ಹದಿನಾರು ಜನ. ನಾನು ಇವತ್ತಿಗೂ ನೀರಿನ ಪೈಪು ಹಿಡಿದು ಮಟ್ಟ ನೋಡೋವಾಗ ಅವನು ಲೇಸರ್ ಡಬ್ಬಿ ಇಟ್ಟು ಗುಂಡಿ ಒತ್ತುತ್ತಾನೆ. ಅದೂ ಹೋಗಲಿ. ಹೇಗೂ ಶೀಟಲ್ಲಿ ಮುಚ್ಚಿಹೋಗುತ್ತೆ ಅಂತ ಸ್ಲಾಬಿನ ಅಡಿಯ ಗಾರೆ ಕೆಲಸವನ್ನೇ ನಮಗೆ ಕೊಡೋದು ನಿಲ್ಲಿಸಿದರು. ನನ್ನ ಅರ್ಧ ಅನ್ನ ಅವನು ಮುಚ್ಚಿಬಿಟ್ಟ. ಸೈಟಲ್ಲಿ ಅವನು 'ಸೀಲಿಂಗ್ ಸಾರ್', ನಾನು 'ಏ ಮೇಸ್ತ್ರಿ'.

ಮನೆಗೆ ಬಂದರೆ ಹೆಂಡತಿ. "ಅಡುಗೆಮನೆಗೂ ಸೀಲಿಂಗ್ ಹಾಕಿಕೊಡ್ತೀನಿ ಅಂದ ನನ್ನ ತಮ್ಮ."

"ಬೇಡ. ಒಗ್ಗರಣೆ ಹೊಗೆಗೆ ಕಪ್ಪಾಗುತ್ತೆ."

"ಹೊಗೆ ಎಲ್ಲಿಂದ ಬರ್ತಿದೆ ಅಂತ ಗೊತ್ತು ಬಿಡಿ" ಅಂದಳು.

ಗಿರಣಿ ಜಾಗದಲ್ಲೇ ಎಂಟು ಮಹಡಿ ಎದ್ದಾಗ ಇಬ್ಬರಿಗೂ ಅಲ್ಲೇ ಕೆಲಸ ಸಿಕ್ಕಿತು. ನಾಲ್ಕನೇ ಮಹಡಿ ಚೊಕ್ಕವಾಗಿ ಮುಗಿಸಿದರೆ ಮೇಲಿನ ನಾಲ್ಕೂ ಇವನಿಗೆ, ಇಲ್ಲದಿದ್ದರೆ ಹೊರಗಿನ ದೊಡ್ಡ ಕಂಪನಿಗೆ ಅಂತ ಎಂಜಿನಿಯರ್ ಹೇಳಿದ್ದರು. ಅಷ್ಟು ಕೆಲಸ ಸಿಕ್ಕಿದರೆ ಅವನನ್ನ ಹಿಡಿಯೋರೇ ಇರಲ್ಲ.

ಪ್ರತಿ ಮಹಡಿಯಲ್ಲೂ ಮೊದಲು ಮಟ್ಟದ ಗೆರೆ ಹಾಕೋದು ನನ್ನ ಕೆಲಸ. ಮುಂದೆ ಬರೋ ನೆಲದ ಮಟ್ಟದಿಂದ ಸರಿಯಾಗಿ ಮೂರಡಿ ಮೇಲೆ, ಎಲ್ಲ ಗೋಡೆ ಕಂಬಗಳ ಮೇಲೆ ನೀಲಿ ಪುಡಿ ಸವರಿದ ದಾರ ಮೀಟಿ ಗೆರೆ ಎಳೀತೀನಿ. ಟೈಲ್ಸ್‌ನವರು, ಕರೆಂಟಿನವರು, ಸೀಲಿಂಗಿನವರು, ಎಲ್ಲರೂ ಅಳೆಯೋದು ಆ ಗೆರೆಯಿಂದಲೇ. ನಾಲ್ಕನೇ ಮಹಡಿಗೆ ಗೆರೆ ಹಾಕಿ ಮುಗಿಸಿದ ಮೇಲೆ ಎಂಜಿನಿಯರ್ ಬಂದು, "ನೆಲದಡಿ ವೈರು ಹೋಗಬೇಕಂತೆ, ನೆಲ ನಾಲ್ಕಿಂಚು ಏರುತ್ತೆ. ಗೆರೇನೂ ಏರಿಸಿಬಿಡಿ ಮೇಸ್ತ್ರಿ, ಗೆರೆ ಸರಿ ಇದ್ದರೆ ಯಾರಿಗೂ ಬೇರೆ ಹೇಳಬೇಕಾಗಿಲ್ಲ" ಅಂದರು. ಸಂಜೆಯೊಳಗೆ ಮೆಟ್ಟಿಲ ಹತ್ತಿರದ್ದನ್ನೆಲ್ಲ ತಿದ್ದಿದೆ. ದೊಡ್ಡ ಹಾಲಿನ ಗೆರೆ ಬಾಕಿ ಉಳೀತು.

ಬೆಳಿಗ್ಗೆ ಹೋದಾಗ ಅವನ ಹುಡುಗರು ಹಾಲಿನಲ್ಲಿ ಹಳೇ ಗೆರೆಗೆ ಟೇಪು ಹಿಡಿದು ನಿಂತಿದ್ದರು. ಇವನು ಇಸ್ತ್ರಿ ಅಂಗಿಯಲ್ಲಿ, ಎಂಜಿನಿಯರ್ ಕೈ ಇವನ ಹೆಗಲ ಮೇಲೆ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಎಂಜಿನಿಯರೂ ನನ್ನ ಹೆಗಲು ಮುಟ್ಟಿಲ್ಲ. ಭಾಮೈದ ನನ್ನನ್ನ ಕಂಡು ಓಡಿ ಬಂದ. "ಭಾವ, ಶುರು ಮಾಡ್ಲಾ?"

ಒಂದೇ ಮಾತು ಹೇಳಬೇಕಿತ್ತು. ನಾಲಿಗೆ ತುದೀಲೇ ಇತ್ತು.

"ಮಾಡಪ್ಪ" ಅಂದೆ.

ಮೂರು ದಿನಕ್ಕೆ ತಗಡಿನ ಚೌಕಟ್ಟು ನಿಂತಿತು. ಅವರು ಊಟಕ್ಕೆ ಇಳಿದಾಗ ಹಳೇ ಗೆರೆ ಉಜ್ಜಿ, ನಾಲ್ಕಿಂಚು ಮೇಲೆ ಹೊಸದು ಎಳೆದೆ. ಸುಳ್ಳು ಯಾಕೆ ಹೇಳಲಿ, ಒಂದೊಂದು ಶೀಟು ಕೂತಾಗಲೂ ಒಳಗೊಳಗೇ ಖುಷಿಯಾಗ್ತಿತ್ತು. ಆ ವಾರ ಚೆನ್ನಾಗಿ ಊಟ ಸೇರಿತು.

ನೆಲ ಆಯ್ತು. ಕೋಣೆಗಳ ನಡುವೆ ನಿಲ್ಲಿಸೋ ಗಾಜು ಬಂತು, ಅಳತೆ ಕೊಟ್ಟು ಮಾಡಿಸಿದ್ದು, ಇನ್ನು ಕತ್ತರಿಸೋಕೆ ಬರಲ್ಲ. ಎತ್ತಿ ನಿಲ್ಲಿಸಿದರೆ ಸೀಲಿಂಗಿಗೆ ಬಡೀತು. ಏರಿದ ನೆಲಕ್ಕೂ ಸೀಲಿಂಗಿಗೂ ನಡುವೆ ನಾಲ್ಕಿಂಚು ಕಡಿಮೆ. ಹಾಲಿನ ಸೀಲಿಂಗ್ ಪೂರ್ತಿ ಬಿಚ್ಚಬೇಕು. ಎಂಜಿನಿಯರ್ ಮುಖ ಕೆಂಪಾಗಿ, "ಗೆರೆ ಕಣ್ಣೆದುರಿಗೇ ಇದೆಯಲ್ಲ, ಕುರುಡರಾ ನೀವು?" ಅಂತ ಕೂಗಾಡಿದರು.

ಭಾಮೈದ ಕಂಬದ ಹತ್ತಿರ ಹೋಗಿ ಬಗ್ಗಿ ನೋಡಿದ. ನಾನು ಎಷ್ಟೇ ಉಜ್ಜಿದ್ದರೂ ಹಳೇ ನೀಲಿ ಸಣ್ಣಗೆ ಉಳಿದಿತ್ತು. ಅದರ ಮೇಲೆ ಬೆರಳಾಡಿಸಿದ. ಆಮೇಲೆ ತಿರುಗಿ ನನ್ನನ್ನ ನೋಡಿದ. ಈಗ ಬಾಯಿ ಬಿಡ್ತಾನೆ, ನನ್ನ ಕತೆ ಮುಗೀತು ಅಂದ್ಕೊಂಡೆ.

"ತಪ್ಪು ನಂದೇ ಸಾರ್. ಅಳತೆ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂದ.

ಮೇಲಿನ ನಾಲ್ಕು ಮಹಡಿ ಹೊರಗಿನ ಕಂಪನಿಗೆ ಹೋಯ್ತು. ಮೆಟ್ಟಿಲಿಳಿಯುವಾಗ ಅವನು ನನ್ನ ಪಕ್ಕ ಬಂದ. ಬೈತಾನೆ ಅಂದ್ಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಭಾವ, ಯಾವ ಸೈಟಲ್ಲೂ ಮೆಟ್ಟಿಲ ಹತ್ತಿರದ ಗುರುತಿಂದ ಲೇಸರ್ ಹಾಯಿಸಿ ತಾಳೆ ನೋಡದೆ ನಾನು ಒಂದು ಮೊಳೆ ಹೊಡೆಯಲ್ಲ" ಅಂದ. "ಇಲ್ಲಿ ನೋಡಲಿಲ್ಲ. ಗೆರೆ ನಿಮ್ಮದಲ್ವಾ ಅಂತ."

ಅಷ್ಟೇ ಹೇಳಿ ಮುಂದೆ ಇಳಿದು ಹೋದ. ಇಷ್ಟು ದಿನ ಅವನ ಕೆಲಸ ಕಂಡು ಉರೀತಿದ್ದೆ. ಅವತ್ತು ಅವನ ಗುಣ ಕಂಡು ಉರಿದೆ. ಅದನ್ನ ನಾನು ಕಲಿಸಿದ್ದು ಅಂತ ಹೇಳ್ಕೊಳ್ಳೋಕೂ ಬಾಯಿಲ್ಲ.

ಮನೇಲಿ ಹೆಂಡತಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನನಗೆ ತಟ್ಟೆ ಇಟ್ಟು ಎದುರಿಗೆ ಕೂತಳು.

"ಅವನೇನೋ ಅವಸರದ ಹುಡುಗ. ನೀವು ಅಲ್ಲೇ ಇದ್ರಲ್ಲ, ಸ್ವಲ್ಪ ನೋಡಬಾರದಿತ್ತಾ?"

ತಟ್ಟೆ ಪಕ್ಕಕ್ಕೆ ಸರಿಸಿದೆ.

"ನೋಡ್ತಾನೇ ಇದ್ದೆ ಕಣೆ" ಅಂದೆ.