ಬಂಗುಡೆ ಸಾರಿಗೆ ಹನ್ನೆರಡು ವರ್ಷದ ವೈನ್

“ಹನಿಮೂನ್‌ಗೆ ನಾಶಿಕ್‌ಗೆ ಹೋದಾಗ ಕುಡಿದ ಅದೇ ರುಚಿ!” ಎಂದೆ, ಕಣ್ಣು ಮುಚ್ಚಿ. ಅಲ್ಲಿಂದಲೇ ತಂದು ಹನ್ನೆರಡು ವರ್ಷ ಕಪಾಟಿನಲ್ಲಿಟ್ಟಿದ್ದ ರೆಡ್ ವೈನನ್ನು ಮದುವೆಯ ವಾರ್ಷಿಕೋತ್ಸವದ ಊಟಕ್ಕೆಂದು ಸೀವುಡ್ಸ್‌ನ ನಮ್ಮ ಮನೆಯಲ್ಲಿ ಆಗಷ್ಟೇ ತೆರೆದಿದ್ದೆ.

“ಅಲ್ಲಿ ನಿಮಗೆ ಜ್ವರ ಮಾರಾಯ್ರೆ. ನೀವು ಕುಡಿದದ್ದು ಬರೀ ಗಂಜಿ,” ಎಂದಳು ಹೆಂಡತಿ.

ಉಡುಪಿಯಿಂದ ಬಂದಿದ್ದ ಅತ್ತೆ ಒಂದು ಹನಿ ನಾಲಗೆಗೆ ತಾಗಿಸಿ, “ಲಾಯ್ಕ ಹುಳಿ ಬಂದಿದೆ. ನಾನಿನ್ನೂ ಬಂಗುಡೆಗೆ ಹುಳಿ ಹಾಕಲಿಲ್ಲ,” ಎಂದವರೇ ಬಾಟಲಿಯನ್ನು ಕುದಿಯುವ ಮೀನಿನ ಸಾರಿಗೆ ಬಗ್ಗಿಸಿದರು. ನಾನು ಓಡಿಹೋಗಿ ತಡೆಯುವಷ್ಟರಲ್ಲಿ ಅದು ಖಾಲಿ. ಊಟದಲ್ಲಿ ಮತ್ತೆ ಮತ್ತೆ ಸಾರು ಹಾಕಿಸಿಕೊಂಡವನೂ ನಾನೇ.

ಕಾಲೇಜಿನ ದಿನಗಳಿಂದಲೂ ಎಲ್ಲರ ಮಾತಿಗೂ ಪುರಾವೆ ಕೇಳುವ ಚಟ ನನ್ನದು. ಹನಿಮೂನಿನ ಇನ್ನಷ್ಟು ಸಿಹಿ ನೆನಪುಗಳು ನನ್ನಲ್ಲಿವೆ. ಅವನ್ನು ಹೆಂಡತಿಯ ಮುಂದೆ ಹೇಳುವ ಧೈರ್ಯ ಈಗ ಇಲ್ಲ.