ಎರಡು ಖಟಕಾ

ರೈಲಿನ ಕಿಟಕಿಗಳು ಏರುತ್ತಿದ್ದ, ಇಳಿಯುತ್ತಿದ್ದ ಕಾಲದ ಮಾತಿದು. ಒಂದು ಕಿಟಕಿಗೆ ಎರಡು ಬಾಗಿಲು, ಮರದ ಪಟ್ಟಿಗಳದ್ದೊಂದು, ಗಾಜಿನದ್ದೊಂದು. ಎರಡೂ ಚೌಕಟ್ಟಿನ ಅಕ್ಕಪಕ್ಕದ ಸೀಳುಗಳಲ್ಲಿ ಮೇಲೆ ಕೆಳಗೆ ಸರಿದಾಡುತ್ತಿದ್ದವು. ಕೆಳ ಅಂಚಿನ ಎರಡು ಮೂಲೆಗಳಲ್ಲಿ ಬೆರಳಿಂದ ಒತ್ತುವ ಹಿತ್ತಾಳೆಯ ಗುಂಡಿಗಳು. ಅವನ್ನು ಒತ್ತಿ ಬಾಗಿಲನ್ನು ಮೇಲೆತ್ತಿ ಬಿಟ್ಟರೆ, ಒಳಗಿನ ಸ್ಪ್ರಿಂಗು ಒಂದು ಚಿಕ್ಕ ನಾಲಿಗೆಯನ್ನು ಹೊರಗೆ ನೂಕಿ ಚೌಕಟ್ಟಿನ ತೂತಿನಲ್ಲಿ ಕೂರಿಸುತ್ತಿತ್ತು. 'ಟಕ್' ಎಂದು ಸದ್ದಾಗುತ್ತಿತ್ತು. ಆ ನಾಲಿಗೆ ಹಿಡಿದರೆ ಕಿಟಕಿ ನಿಂತಿತು, ಇಲ್ಲವಾದರೆ ಬೆರಳಿನ ಮೇಲೆ ಬಿತ್ತು. ಆ ಕಾಲದಲ್ಲಿ ರೈಲು ಹತ್ತಿದವರಲ್ಲಿ ಒಮ್ಮೆಯಾದರೂ ಬೆರಳು ಜಜ್ಜಿಸಿಕೊಳ್ಳದವರು ಕಡಿಮೆ. ನಿಮ್ಮ ಬೆರಳೂ ಈಗ ಒಮ್ಮೆ ಚುರ್ ಎಂದಿರಬಹುದು.

ಆ ನಾಲಿಗೆ, ಸ್ಪ್ರಿಂಗು, ಗುಂಡಿ ಎಲ್ಲ ಸೇರಿದ್ದಕ್ಕೆ ನಮ್ಮ ಮನೆಯಲ್ಲಿ ಖಟಕಾ ಎನ್ನುತ್ತಿದ್ದೆವು. ಅದು ಮರಾಠಿಯಿಂದ ಬಂದ ಮಾತು, ಅಪ್ಪ ಕೆಲಸದಿಂದ ತಂದದ್ದು. ಅಪ್ಪ ಪುಣೆಯಲ್ಲಿ ರೈಲು ಡಬ್ಬಿ ದುರಸ್ತಿ ಮಾಡುವ ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದ. ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಅಪ್ಪನಿಗೆ ಕಿಟಕಿ. ದಿನವಿಡೀ ಖಟಕಾ ಬಿಚ್ಚುವುದು, ತುಕ್ಕು ತೆಗೆಯುವುದು, ಸ್ಪ್ರಿಂಗು ಹಾಕುವುದು, ಎಣ್ಣೆ ಬಿಡುವುದು. ಸಂಜೆ ಮನೆಗೆ ಬಂದರೆ ಮೈಯಿಂದ ಎಣ್ಣೆಯ, ಹಳೆಯ ಹಿತ್ತಾಳೆಯ ವಾಸನೆ. ಅವ್ವ, "ಮೊದಲ ಕೈ ತೊಳ್ಕೊಳ್ರಿ, ಆಮ್ಯಾಲ ರೊಟ್ಟಿ" ಎನ್ನುತ್ತಿದ್ದಳು. ನನಗೆ ಮಾತ್ರ ಆ ವಾಸನೆ ಇಷ್ಟವಿತ್ತು. ಈಗಲೂ ಹಳೆಯ ಬೀಗದ ಅಂಗಡಿಯ ಮುಂದೆ ಹೋದರೆ ಸುಮ್ಮನೆ ಒಂದು ನಿಮಿಷ ನಿಲ್ಲುತ್ತೇನೆ.

ಅಪ್ಪನದೊಂದು ಚಾಳಿ ಇತ್ತು. ಕಿಟಕಿ ದುರಸ್ತಿಯಾದ ಮೇಲೆ, ಯಾರಿಗೂ ಕಾಣದ ಹಾಗೆ ಚೌಕಟ್ಟಿನ ಒಳ ಅಂಚಿನಲ್ಲಿ ಮೊಳೆಯಿಂದ ಕನ್ನಡದಲ್ಲಿ 'ಶ್ರೀ' ಎಂದು ಕೆತ್ತುತ್ತಿದ್ದ. ಜೊತೆಯವರೆಲ್ಲ ಮರಾಠಿ ಜನ. "ಬಸಪ್ಪಾ, ಹೇ ಕಾಯ್ ಜಿಲೇಬಿ ಕಾಢಲೀಸ್?" ಎಂದು, ನಮ್ಮ ಅಕ್ಷರ ಜಿಲೇಬಿ ಸುತ್ತಿದ ಹಾಗಿದೆಯೆಂದು ನಗುತ್ತಿದ್ದರಂತೆ. ಅಪ್ಪ ಹೆಚ್ಚು ಮಾತಿನವನಲ್ಲ. "ನಾ ಮಾಡಿದ್ದು ಅಂತ ನನಗ ಗೊತ್ತಿರ್ಲಿ" ಎನ್ನುತ್ತಿದ್ದ, ಅಷ್ಟೇ.

ಹಾಗಾಗಿ ನನಗೂ ತಮ್ಮ ಸಿದ್ದುವಿಗೂ ರೈಲಿನಲ್ಲಿ ಒಂದು ಆಟವಿತ್ತು. ಬೇಸಿಗೆ ರಜೆಯಲ್ಲಿ ಗುಲ್ಬರ್ಗಾ ಹತ್ತಿರದ ಅಜ್ಜಿಯ ಊರಿಗೆ ಹೋಗುವಾಗ ಡಬ್ಬಿ ಹತ್ತಿದ ಕೂಡಲೇ ಶ್ರೀ ಹುಡುಕುವುದು. ಕೂತವರ ಕಾಲು ತುಳಿದು, ಬೈಸಿಕೊಂಡು, ಒಂದೊಂದು ಕಿಟಕಿಗೂ ತಲೆ ತೂರಿಸುವುದು. ಎಷ್ಟೋ ಸಲ ಸಿಗುತ್ತಿರಲಿಲ್ಲ. ಸಿಕ್ಕರೆ ಡಬ್ಬಿಯೆಲ್ಲ ನಮ್ಮಪ್ಪನದೇ ಎಂಬಷ್ಟು ಜಂಬ.

ಮನೆಯ ಇನ್ನೊಂದು ನಿಯಮ ಹೀಗಿತ್ತು. ಕಿಟಕಿ ಎತ್ತಿದರೆ ಎಡಕ್ಕೊಂದು, ಬಲಕ್ಕೊಂದು, ಎರಡು ಟಕ್ ಕೇಳಬೇಕು. ಅಪ್ಪ "ಎಷ್ಟು?" ಎಂದು ಕೇಳುತ್ತಿದ್ದ, ನಾನು "ಎರಡು" ಎನ್ನಬೇಕು. ಹಾಗೆನ್ನುವ ತನಕ ಯಾರೂ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೈ ಇಡುವಂತಿರಲಿಲ್ಲ, ಅವ್ವ ಕೂಡ. ಸಂತೆಯಷ್ಟು ಗದ್ದಲದಲ್ಲೂ ಅಪ್ಪ ಆ ಕೆಲಸವನ್ನು ನನಗೇ ಒಪ್ಪಿಸಿದ್ದ. "ನಮ್ಮ ಶಾಂತಾನ ಕಿವಿ ಭಾಳ ಚುರುಕು ಅವ" ಎನ್ನುತ್ತಿದ್ದ. ಒಂಬತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ನೌಕರಿ ಬೇಕೇ?

ಆ ವರ್ಷ ಮೇ ತಿಂಗಳು. ಬೆಳಗಿನ ಪ್ಯಾಸೆಂಜರ್ ಗಾಡಿ. ಪುಣೆ ಸ್ಟೇಷನ್ನಿನಲ್ಲೇ ಸಿದ್ದುವಿಗೆ ಒಂದು ಶ್ರೀ ಸಿಕ್ಕಿತು, ನಾವು ಆ ಕಿಟಕಿಯ ಬಳಿಯೇ ಕುಳಿತೆವು. ಅವ್ವನ ಗಂಟಿನಲ್ಲಿ ಗರಿಗರಿಯಾಗಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಬಟ್ಟೆಯಲ್ಲಿ ಕಟ್ಟಿದ ಗಟ್ಟಿ ಮೊಸರು. ಗಾಡಿ ಬಿಟ್ಟು ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಕಲ್ಲಿದ್ದಲ ಕಿಡಿ ಸಿದ್ದುವಿನ ಕಣ್ಣಿಗೆ ಬಿತ್ತು. ಅವ್ವ ಸೆರಗಿನ ತುದಿಗೆ ಬಿಸಿ ಉಸಿರು ಊದಿ ಕಣ್ಣಿಗೆ ಒತ್ತಿದಳು, ಅಪ್ಪ ಗಾಜು ಇಳಿಸಿದ. ದೌಂಡದ ತನಕ ಮುಚ್ಚಿದ ಕಿಟಕಿಯೊಳಗೆ ಬೆವರುತ್ತಾ ಹೋದೆವು.

ದೌಂಡದಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು, ಎಂಜಿನ್ ಬದಲಿಸುತ್ತಿದ್ದರು. ಅಪ್ಪ ನೀರು ತರಲು ಕೂಜಾ ಹಿಡಿದು ಇಳಿದ. ಅಷ್ಟರಲ್ಲಿ "ಕಾಕಡೀ ಘ್ಯಾ, ಕಾಕಡೀ!" ಎನ್ನುತ್ತಾ ಸೌತೆಕಾಯಿ ಮಾರುವ ಹೆಂಗಸು ನಮ್ಮ ಕಿಟಕಿ ದಾಟಿ ಹೋಗತೊಡಗಿದಳು. ಉದ್ದಕ್ಕೆ ಸೀಳಿ, ಉಪ್ಪು ಖಾರ ಸವರಿದ ಸೌತೆಕಾಯಿ. ಬಾಯಲ್ಲಿ ನೀರು.

"ಶಾಂತಾ, ಕಿಟಕಿ ಎತ್ತು, ಆಕಿ ಹೋಗ್ಲಕತ್ಯಾಳ" ಎಂದಳು ಅವ್ವ.

ಗುಂಡಿ ಒತ್ತಿ, ಸೀಟಿನ ಮೇಲೆ ನಿಂತು, ಎರಡೂ ಕೈಯಿಂದ ಎತ್ತಿದೆ. ಗಾಜು ಭಾರ. ಎಡಗಡೆ ಟಕ್ ಎಂದಿತು. ಬಲಗಡೆ ಸ್ವಲ್ಪ ಓರೆಯಾಗಿ ಅಲ್ಲೇ ಸಿಕ್ಕಿಕೊಂಡಿತು. ಸದ್ದು ಬರಲಿಲ್ಲ. ಮತ್ತೆ ಇಳಿಸಿ ಎತ್ತಬೇಕು, ಗೊತ್ತು. ಆದರೆ ಸೌತೆಕಾಯಿಯವಳು ಆಗಲೇ ಎರಡು ಕಿಟಕಿ ಮುಂದೆ ಹೋಗಿದ್ದಳು.

ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರದಿಂದ ಅಪ್ಪ ಕೂಗಿದ. "ಎಷ್ಟು?"

"ಎರಡು!" ಎಂದೆ.

ಹೆಂಗಸು ತಿರುಗಿ ಬಂದಳು. ಅವ್ವ ಸರಳುಗಳ ನಡುವಿನಿಂದ ಒಂದು ಸೌತೆಕಾಯಿ ತೆಗೆದುಕೊಂಡು ಸಿದ್ದುವಿಗೆ ಕೊಟ್ಟು, ಇನ್ನೊಂದಕ್ಕೆ ಕಾಯುತ್ತಾ ಬಲಗೈ ಬೆರಳುಗಳನ್ನು ಕಟ್ಟೆಯ ಮೇಲೆ ಊರಿದಳು. ಆಗಲೇ ಹೊಸ ಎಂಜಿನ್ ಬಂದು ಗಾಡಿಗೆ ಧಡ್ ಎಂದು ತಾಗಿತು. ಡಬ್ಬಿಯೆಲ್ಲ ಅದುರಿತು. ಗಾಜು ಬಿತ್ತು.

ಅವ್ವ ಕಿರುಚಲಿಲ್ಲ. "ಯವ್ವಾ" ಎಂದು ಕೂತುಬಿಟ್ಟಳು. ಅಪ್ಪ ಕೂಜಾ ಎಸೆದು ಓಡಿ ಬಂದು ಗಾಜೆತ್ತಿದ. ನಡುಬೆರಳು, ಉಂಗುರದ ಬೆರಳು ಎರಡೂ ನೀಲಿಗಟ್ಟಿ, ಉಗುರಿನ ಬುಡದಿಂದ ರಕ್ತ ಬರುತ್ತಿತ್ತು. ಎದುರು ಸೀಟಿನ ಮುದುಕ ತನ್ನ ಟವೆಲ್ ಹರಿದು ಒದ್ದೆ ಮಾಡಿ ಸುತ್ತಿದ. ನನ್ನ ಕೈಗೂ ಒಂದು ಸೌತೆಕಾಯಿ ಬಂದಿತ್ತು. ಅದನ್ನು ಏನು ಮಾಡಿದೆನೋ ನೆನಪಿಲ್ಲ.

ಗಾಡಿ ಹೊರಟ ಮೇಲೆ ಅಪ್ಪ ಆ ಕಿಟಕಿಯನ್ನು ಹತ್ತಾರು ಸಲ ಎತ್ತಿ ಇಳಿಸಿ ನೋಡಿದ. ಪ್ರತಿ ಸಲವೂ ಎರಡು ಟಕ್. ಕೈಯಿಂದ ಗುದ್ದಿದರೂ ಬೀಳಲಿಲ್ಲ.

"ಈಗ ಹಿಡೀತದ. ಆವಾಗ ಯಾಕ ಬಿಡ್ತು?" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಎರಡೂ ಕೇಳಿದ್ದಿ ಹೌದಿಲ್ಲೋ ಕೂಸ?"

ತಲೆ ಆಡಿಸಿದೆ.

"ಹಂಗಾರ ನನ್ನ ಸ್ಪ್ರಿಂಗೇ ಕೈ ಕೊಟ್ಟದ" ಎಂದ ಅಪ್ಪ. ಜೇಬಿನಿಂದ ಮೊಳೆ ತೆಗೆದು, ಚೌಕಟ್ಟಿನ ಅಂಚಿನಲ್ಲಿ ತಾನೇ ಕೆತ್ತಿದ್ದ ಶ್ರೀಯನ್ನು ಕೆರೆದು ಕೆರೆದು ಅಳಿಸಿದ. ಬಣ್ಣದ ಪುಡಿ ಅವನ ಧೋತರದ ಮೇಲೆ ಉದುರಿತು. ನಾನು ನೋಡುತ್ತಾ ಕೂತಿದ್ದೆ. ಗುಲ್ಬರ್ಗಾ ಬರುವ ತನಕ ಅಪ್ಪ ಯಾರಿಗೂ ಆ ಕಿಟಕಿ ಎತ್ತಲು ಬಿಡಲಿಲ್ಲ. ಬೇಸಿಗೆಯ ಕಾವಿಗೆ ಜನ ಗೊಣಗಿದರೂ ಅದಕ್ಕೆ ಬೆನ್ನು ಕೊಟ್ಟು ಕುಳಿತಿದ್ದ.

ಅಜ್ಜಿಯ ಮನೆಯಲ್ಲಿ ಆ ರಜೆ ನನಗೆ ರಜೆಯಾಗಿರಲಿಲ್ಲ. ಮಾವಿನಕಾಯಿ ಇತ್ತು, ಕುಂಟಾಬಿಲ್ಲೆ ಇತ್ತು, ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆ ಇತ್ತು. ಆದರೆ ಅವ್ವನ ಬೆರಳುಗಳಿಗೆ ಪಟ್ಟಿ ಕಟ್ಟಿತ್ತು. ಅಜ್ಜಿಯೂ ಅತ್ತೆಯೂ ರೊಟ್ಟಿ ಬಡಿಯುವಾಗ ಅವ್ವ ಒಲೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವಳ ತವರಿನಲ್ಲಿ ಅವಳ ರೊಟ್ಟಿಗೆ ಹೆಸರಿತ್ತು. ಹಾಳೆಯ ಹಾಗೆ ತೆಳ್ಳಗೆ, ತಾಟಿನಷ್ಟು ದೊಡ್ಡದು, ಎಲ್ಲೂ ಬಿರುಕಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಹೇಳಿದ, "ಭಾವಾ, ಕೂಸಿಗೇನ್ ತಿಳೀತದ? ಒಂದು ಕೇಳಿ ಎರಡು ಅಂದಿರಬೇಕು. ನೀವು ಸುಮ್ನ ತಲಿ ಕೆಡಿಸ್ಕೊಂಡೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಯಾರೂ ನೋಡಲಿಲ್ಲ. ಎಂದೂ ದನಿ ಏರಿಸದ ಅಪ್ಪ ತಾಟು ದೂಡಿದ.

"ನಮ್ಮ ಕೂಸು ಸುಳ್ಳ ಹೇಳಂಗಿಲ್ಲ. ತಪ್ಪು ನನ್ನ ಕೈಯಾಗ ಅದ."

ಮಾವ ಬೈದಿದ್ದರೆ ಅತ್ತುಬಿಡಬಹುದಿತ್ತು. ಅಪ್ಪ ನಂಬಿದ್ದು ಬಿಸಿತುಪ್ಪವಾಯಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ದಿನಕ್ಕೊಮ್ಮೆ ಹೇಳೋಣವೆಂದು ಅಪ್ಪನ ಹತ್ತಿರ ಹೋಗುವುದು, "ಏನವ್ವಾ?" ಎಂದರೆ "ಏನಿಲ್ಲ" ಎಂದು ಓಡಿಬರುವುದು. ಹೀಗೇ ಒಂದು ತಿಂಗಳು ಕಳೆಯಿತು.

ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಹಿಂದಿರುಗಿ ಹೊರಟೆವು. ಅವ್ವನ ಪಟ್ಟಿ ಬಿಚ್ಚಿದ್ದರು. ಉಂಗುರದ ಬೆರಳು ಸರಿಹೋಗಿತ್ತು, ನಡುಬೆರಳ ತುದಿ ಮಾತ್ರ ಒಳಗೆ ಬಾಗಿ ಹಾಗೇ ನಿಂತಿತ್ತು. ಸೊಲ್ಲಾಪುರ ದಾಟಿದ ಮೇಲೆ ಅಪ್ಪ ಅವ್ವನಿಗೆ ಮೆಲ್ಲಗೆ ಹೇಳಿದ, "ಹೋದ ಕೂಡ್ಲೆ ಮಿಸ್ತ್ರಿಗೆ ಹೇಳ್ತೀನಿ. ನನಗ ಕಿಟಕಿ ಕೆಲಸ ಬ್ಯಾಡ. ಬ್ಯಾರೆ ಏನರ ಕೊಡ್ಲಿ."

"ಹದಿನೈದು ವರ್ಷ ಅದನ್ನೇ ಮಾಡೀರಿ" ಎಂದಳು ಅವ್ವ.

"ಹೆಂಡ್ತಿ ಕೈ ಉಳಿಸ್ಲಿಕ್ಕೆ ಆಗಲಿಲ್ಲ. ಮಂದಿ ಕೈ ಏನ್ ಉಳಿಸ್ತೀನಿ?"

ಹೇಳಿ ಅಪ್ಪ ಎದ್ದು ಕಿಟಕಿ ಎತ್ತಿದ. ಟಕ್, ಟಕ್. ಸ್ಪಷ್ಟವಾಗಿ ಎರಡು. ಅಭ್ಯಾಸಬಲದಿಂದ ನನ್ನ ಕಡೆ ನೋಡಿ ಕೇಳಿದ. "ಎಷ್ಟು?"

ನನ್ನ ಬಾಯಿಂದ "ಒಂದು" ಎಂದು ಬಂತು.

"ಇಲ್ಲವಲ್ಲ, ಎರಡು ಆತು."

"ಅವತ್ತು ದೌಂಡದಾಗ" ಎಂದೆ. "ಅವತ್ತು ಒಂದೇ ಆಗಿತ್ತಪ್ಪ. ಕಾಕಡಿಯಾಕಿ ಹೋಗ್ತಾಳ ಅಂತ ಎರಡು ಅಂದೆ." ಮುಂದಿನದು ಅಳುವಿನಲ್ಲಿ ಹೋಯಿತು.

ಅಪ್ಪ ಹೊಡೆಯುತ್ತಾನೆಂದು ಕಣ್ಣು ಮುಚ್ಚಿದ್ದೆ. ಏಟು ಬೀಳಲಿಲ್ಲ. ತೆರೆದು ನೋಡಿದರೆ ಅಪ್ಪನ ಮುಖದ ಮೇಲೆ ಒಂದು ತಿಂಗಳಿಂದ ಇಲ್ಲದ ಕಳೆ.

"ಅಂದ್ರ ಸ್ಪ್ರಿಂಗ್ ಛಲೋ ಇತ್ತು!" ಎಂದ.

ಅವ್ವ ಬಾಗಿದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. "ನನ್ನ ಬಟ್ಟಿಗಿಂತ ನಿಮಗ ಸ್ಪ್ರಿಂಗ್ ದೊಡ್ಡದಾತೇನ್ರಿ?"

ಅಪ್ಪ ನಾಚಿಕೊಂಡ. ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಕೈಯಿಂದ ಹತ್ತಿರ ಎಳೆದುಕೊಂಡಳು. ಎಲ್ಲ ಮುಗಿಯಿತೆಂದು ನಾನು ಮೂಗು ಒರೆಸಿಕೊಂಡೆ.

ಅಪ್ಪ ಕಿಟಕಿ ಕೆಲಸ ಬಿಡಲಿಲ್ಲ. ಮುಂದೆ ಬಹಳ ದಿನ ಆ ಡಬ್ಬಿಗಾಗಿ ಹುಡುಕಿದ, ಅಳಿಸಿದ ಶ್ರೀಯನ್ನು ಮತ್ತೆ ಕೆತ್ತಬೇಕಿತ್ತು. ಆದರೆ ಡಬ್ಬಿಗಳು ಊರೂರು ತಿರುಗುವಂಥವು, ಅದು ಅವನ ಕೈಗೆ ಮತ್ತೆ ಸಿಗಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನೂ ಬಿಡಲಿಲ್ಲ. ಆದರೆ ಬಾಗಿದ ಬೆರಳ ತುದಿ ತಾಗಿ ಪ್ರತಿ ರೊಟ್ಟಿಯ ಒಂದು ಬದಿಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಸಿದ್ದು ಅದರಲ್ಲಿ ತುಪ್ಪ ನಿಲ್ಲಿಸಿಕೊಂಡು ತಿನ್ನುತ್ತಿದ್ದ. ನಾನು ಆ ಬದಿ ಮುರಿದು ಮೊದಲೇ ನುಂಗಿಬಿಡುತ್ತಿದ್ದೆ.

ಇನ್ನೊಂದು ಬದಲಾವಣೆ ನನಗೆ ಮುಂದಿನ ವರ್ಷದ ಪ್ರಯಾಣದಲ್ಲಿ ಗೊತ್ತಾಯಿತು. ಅಪ್ಪ ಕಿಟಕಿ ಎತ್ತಿದ, ತಾನೇ ಕಿವಿಗೊಟ್ಟು ಕೇಳಿದ, ಕೂತ. ನನ್ನನ್ನು ಏನೂ ಕೇಳಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಸಿಟ್ಟಿನಿಂದಲ್ಲ, ಅವನಿಗೆ ಸಿಟ್ಟಿರಲಿಲ್ಲ. ನನ್ನ ನೌಕರಿ ಹೋಗಿತ್ತು, ಅಷ್ಟೇ. ನನ್ನನ್ನೇ ಕೇಳಪ್ಪ ಎಂದು ಯಾವ ಬಾಯಿಂದ ಹೇಳಲಿ?

ಈಗ ನಾನು ಪುಣೆಯಿಂದ ಕಲಬುರಗಿಗೆ ಹೋಗುವ ಗಾಡಿಯಲ್ಲಿ ಗಾಜು ಚೌಕಟ್ಟಿಗೇ ಅಂಟಿಕೊಂಡಿರುತ್ತದೆ. ಏರುವುದಿಲ್ಲ, ಇಳಿಯುವುದಿಲ್ಲ, ಯಾರ ಬೆರಳೂ ಜಜ್ಜುವುದಿಲ್ಲ. ಒಳ್ಳೆಯದೇ. ದೌಂಡದಲ್ಲಿ ಸೌತೆಕಾಯಿಯವಳು ಬಂದರೂ ಅವಳ ಕೂಗು ಒಳಗೆ ಕೇಳದು. ಕೂತಲ್ಲಿಂದಲೇ ನನ್ನ ಬೆರಳು ಚೌಕಟ್ಟಿನ ಅಂಚನ್ನು ಸವರುತ್ತದೆ, ಅಲ್ಲಿ ನುಣುಪಾದ ಪ್ಲಾಸ್ಟಿಕ್ಕು. ಅವ್ವನಿಲ್ಲ, ಆ ಗುಳಿಬಿದ್ದ ರೊಟ್ಟಿಯಿಲ್ಲ. ಅಪ್ಪನೂ ಇಲ್ಲ.

ಅಪ್ಪನ ಜೊತೆ ಕೊನೆಯದಾಗಿ ಆ ದಾರಿಯಲ್ಲಿ ಹೋದದ್ದು ಎಂಬತ್ತರ ದಶಕ ಮುಗಿಯುತ್ತಿದ್ದಾಗ. ಯಾರ್ಡಿನ ಸುತ್ತಿಗೆ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವನ ಕಿವಿ ಮಂದವಾಗಿತ್ತು, ಕಿವಿಯ ಹತ್ತಿರ ಕೂಗಿದರೆ ಮಾತ್ರ ಕೇಳುತ್ತಿತ್ತು. ದೌಂಡದಲ್ಲಿ ಸೆಕೆಯಾಯಿತೆಂದು ಎದ್ದು ಕಿಟಕಿ ಎತ್ತಿದ. ಒಂದು ಕ್ಷಣ ಕಾದ. ಅವನಿಗೆ ಏನೂ ಕೇಳಿಸಲಿಲ್ಲ. ಆಗ, ಎಷ್ಟೋ ವರ್ಷಗಳ ಮೇಲೆ, ನನ್ನ ಕಡೆ ತಿರುಗಿದ.

"ಎಷ್ಟು?"

ನಾನು ಎದ್ದು ಕಿಟಕಿಯನ್ನು ಪೂರ್ತಿ ಇಳಿಸಿದೆ. ನೆಟ್ಟಗೆ ಹಿಡಿದು ಮತ್ತೆ ಎತ್ತಿದೆ. ಎಡಕ್ಕೊಂದು. ಬಲಕ್ಕೊಂದು. ಅವನಿಗೆ ಕೇಳುವಷ್ಟು ಜೋರಾಗಿ "ಎರಡು" ಎಂದೆ.

ಅಪ್ಪ ತಲೆಯಾಡಿಸಿ, ಬಲಗೈಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ನೋಡುತ್ತಾ ಕುಳಿತ.